ಪಕ್ಕದ ಮನೆಯ ಪಿಸ್ತೂಲಿಗೆ ಬೆಲೆ ಕಟ್ಟಲು ಹೋಗಿ

ಹಳೆಯ ಸಾಮಾನು ಕಂಡರೆ ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ಇದನ್ನು ಈಗ ಮಾರಿದರೆ ಎಷ್ಟು ಬರಬಹುದು ಎಂದು ಮನಸ್ಸಿನಲ್ಲೇ ಅಂದಾಜು ಹಾಕುವ ಚಟ ನನಗೆ ಮೊದಲಿನಿಂದಲೂ ಇದೆ. ಕೊಳ್ಳುವ ಉದ್ದೇಶ ಇರುವುದಿಲ್ಲ. ಮಾರೋಣವೆಂದರೆ ಅದು ನನ್ನದಾಗಿರುವುದೂ ಇಲ್ಲ. ಯಾರದಾದರೂ ಮನೆಗೆ ಊಟಕ್ಕೆ ಹೋದಾಗ, ಜಾರಿದ ಪೆನ್ನು ಹುಡುಕುವವನ ಹಾಗೆ ಬಗ್ಗಿ ಅವರ ಡೈನಿಂಗ್ ಟೇಬಲ್ಲಿನ ಕೆಳಭಾಗ ನೋಡುತ್ತೇನೆ. ಅಸಲಿ ಮರವೋ, ಮೇಲೆ ಹಾಳೆ ಅಂಟಿಸಿದ್ದೋ ಅಲ್ಲಿ ಗೊತ್ತಾಗುತ್ತದೆ. ನನ್ನ ಹೆಂಡತಿ ಮಾಲತಿ ಮೈಸೂರಿನವಳು. ಇಂಥದ್ದಕ್ಕೆಲ್ಲ ಅವಳಿಗೆ ಬಹಳ ಬೇಗ ನಾಚಿಕೆಯಾಗುತ್ತದೆ. ಟೇಬಲ್ಲಿನ ಕೆಳಗೆ ನಾನಿರುವಾಗಲೇ ಅವಳ ಕಾಲು ನನ್ನ ಪಕ್ಕೆಯನ್ನು ಹುಡುಕಿಕೊಂಡು ಬರುವುದುಂಟು.

ಈ ಚಟ ನನಗೆ ಹುಬ್ಬಳ್ಳಿಯಲ್ಲಿ ಅಂಟಿದ್ದು. ನಾವು ಚಿಕ್ಕವರಿದ್ದಾಗ ಓಣಿಯಲ್ಲಿ ಮಧ್ಯಾಹ್ನದ ಹೊತ್ತು ‘ಹಳೇ ಅರಿವಿಗೆ ಭಾಂಡೇ’ ಎಂದು ಕೂಗುತ್ತ ಒಬ್ಬಾಕೆ ಬರುತ್ತಿದ್ದಳು. ತಲೆಯ ಮೇಲಿನ ಬುಟ್ಟಿಯ ತುಂಬ ಹೊಳೆಯುವ ಸ್ಟೀಲಿನ ಪಾತ್ರೆ, ಹೆಗಲ ಮೇಲೆ ಹಳೆಯ ಬಟ್ಟೆಯ ಗಂಟು. ಅವ್ವ ತಿಂಗಳುಗಟ್ಟಲೆ ಕೂಡಿಟ್ಟ ಬಟ್ಟೆಗಳನ್ನು ಕಟ್ಟೆಯ ಮೇಲೆ ಹರವುತ್ತಿದ್ದಳು. ಆಕೆ ಒಂದೊಂದನ್ನೇ ಎತ್ತಿ ಬಿಸಿಲಿಗೆ ಹಿಡಿಯುತ್ತಿದ್ದಳು. ಒಮ್ಮೆ ನಮ್ಮಪ್ಪನ ಪ್ಯಾಂಟಿನ ಕೂರುವ ಭಾಗವನ್ನು ಹಾಗೆ ಹಿಡಿದು, “ಅಕ್ಕಾರ, ಇದರಾಗ ಸೂರ್ಯಾ ಕಾಣಸ್ತಾನ ನೋಡ್ರಿ” ಎಂದಳು. ಅವ್ವ ತಡಮಾಡದೆ, ಸೂರ್ಯ ಎಲ್ಲಾ ಕಡೆಗೂ ಕಾಣಿಸುತ್ತಾನೆ, ಅದಕ್ಕೆ ಪ್ಯಾಂಟು ಏನು ಮಾಡಬೇಕು ಎಂದಳು. ಒಂದು ಇಡೀ ಮಧ್ಯಾಹ್ನ ಈ ಧಾಟಿಯಲ್ಲಿ ನಡೆದು, ಕೊನೆಗೆ ಎರಡು ಸೀರೆ, ನಾಲ್ಕು ಪ್ಯಾಂಟಿಗೆ ಬದಲಾಗಿ ಮುಚ್ಚಳ ಕೂರದ ಒಂದು ಡಬ್ಬಿ ಮನೆಗೆ ಬಂತು. ಅವ್ವ ಅದನ್ನು ಗೆದ್ದ ಕಪ್ಪಿನ ಹಾಗೆ ಎಲ್ಲರಿಗೂ ತೋರಿಸಿದಳು. ವ್ಯಾಪಾರದಲ್ಲಿ ನನ್ನ ಗೆಲುವುಗಳೂ ಸರಿಸುಮಾರು ಇದೇ ಜಾತಿಯವು.

ಆದರೆ ನಮ್ಮ ಪಕ್ಕದ ಮನೆಯ ಡಾರ್ಲೀನ್‌ಗೆ ಇದು ಗೊತ್ತಿರಲಿಲ್ಲ.

ನಾವಿರುವುದು ಆಸ್ಟಿನ್ನಿನ ವಾಯವ್ಯಕ್ಕೆ, ಸೀಡರ್ ಪಾರ್ಕಿನಲ್ಲಿ. ಅಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ಹೊಸದರಲ್ಲಿ ನಾನು ಡಾರ್ಲೀನ್‌ಳ ಬಾಗಿಲಿಗೆ ನನ್ನ ಬೀಗದ ಕೈ ಹಾಕಿ ತಿರುವುತ್ತ ನಿಂತಿದ್ದೇ ನಮ್ಮ ಪರಿಚಯಕ್ಕೆ ಕಾರಣ. ಆಕೆಗೆ ಎಂಬತ್ತರ ಆಸುಪಾಸು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ, ಆದರೆ ಕಣ್ಣು ಮಾತ್ರ ಸದಾ ಏನೋ ತಮಾಷೆ ನೋಡುತ್ತಿರುವಂತಿರುತ್ತಿತ್ತು. ಮಾತಿನ ಭಾಗವನ್ನೆಲ್ಲ ಗಂಡ ರಾಯ್ ವಹಿಸಿಕೊಂಡಿದ್ದ. ಅವನು ಸಂಜೆ ಗ್ಯಾರೇಜಿನ ಬಾಗಿಲು ತೆರೆದಿಟ್ಟು ಕುರ್ಚಿ ಹಾಕಿ ಕೂತರೆ, ಆ ರಸ್ತೆಯಲ್ಲಿ ಯಾರೂ ಸುಮ್ಮನೆ ದಾಟಿಹೋಗುವಂತಿರಲಿಲ್ಲ. ಅವನ ಕಥೆಗಳಲ್ಲಿ ಮುಖ್ಯವಾದದ್ದು ಅವನ ಮುತ್ತಜ್ಜನ ರಿವಾಲ್ವರಿನದು. ಅಮೆರಿಕದ ಉತ್ತರ ದಕ್ಷಿಣಗಳು ಹೊಡೆದಾಡಿದ ಕಾಲದಲ್ಲಿ ಮುತ್ತಜ್ಜ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುದುರೆ ಏರಿದ್ದನಂತೆ. ಈಗ ಅದು ಇವರ ಹಾಸಿಗೆಯ ಪಕ್ಕದ ಡ್ರಾಯರಿನಲ್ಲಿದ್ದು ಮನೆ ಕಾಯುತ್ತಿದೆಯಂತೆ. ಪ್ರತಿ ಸಲ ಕಥೆ ಕೇಳುವಾಗಲೂ ಕುದುರೆ ಒಂದಿಷ್ಟು ಎತ್ತರವಾಗುತ್ತಿತ್ತು. ಎರಡು ವರ್ಷದ ಹಿಂದೆ ರಾಯ್ ತೀರಿಕೊಂಡ.

ಕಳೆದ ಶರತ್ಕಾಲದಲ್ಲಿ ಡಾರ್ಲೀನ್ ಮನೆ ಮಾರಿ, ತಂಗಿಯ ಮನೆಯ ಹತ್ತಿರ ಒಂದು ಅಪಾರ್ಟ್‌ಮೆಂಟಿಗೆ ಶಿಫ್ಟ್ ಆಗಲು ತೀರ್ಮಾನಿಸಿದಳು. ಹಿರಿಯರಿಗೆಂದೇ ಇರುವ ಕಟ್ಟಡ, ಆಯುಧ ತರುವಂತಿಲ್ಲ ಎಂಬ ನಿಯಮ. ಹಾಗಾಗಿ ಒಂದು ದಿನ ಟವೆಲಿನಲ್ಲಿ ಸುತ್ತಿದ ರಿವಾಲ್ವರನ್ನು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಹೆಚ್ಚಿಟ್ಟ ಬೆಂಡೆಕಾಯಿಯ ಪಕ್ಕ ಇಟ್ಟಳು. ರಾಯ್ ಜೊತೆ ಮೀನು ಹಿಡಿಯಲು ಹೋಗುತ್ತಿದ್ದ ಗೆಳೆಯ ಐವತ್ತು ಡಾಲರ್ ಕೊಡುತ್ತೇನೆ ಎಂದಿದ್ದಾನೆ, ರಾಯ್ ಸಾವಿರಾರು ಬರುತ್ತದೆ ಎನ್ನುತ್ತಿದ್ದ, ಇಬ್ಬರಲ್ಲಿ ಯಾರು ಸುಳ್ಳು ಹೇಳಿದರೆಂದು ನೀನು ಪತ್ತೆ ಮಾಡು ಎಂದಳು. ನಾನೇ ಏಕೆ ಎಂದು ಕೇಳಿದೆ. ನಾನು ಹಳೆಯ ಕಾರನ್ನು ಡ್ರೈವ್‌ವೇಯಲ್ಲಿ ನಿಂತು ಮಾರಿದ್ದನ್ನು ಆಕೆ ಕಿಟಕಿಯಿಂದ ನೋಡಿದ್ದಳಂತೆ. ಅಷ್ಟು ಹೊತ್ತು, ಅಷ್ಟು ಕೈ ಬೀಸಿ ಚೌಕಾಸಿ ಮಾಡಿದವನನ್ನು ಆಕೆ ಟೆಕ್ಸಾಸಿನಲ್ಲೇ ಕಂಡಿರಲಿಲ್ಲವಂತೆ. ಕಿಟಕಿಯ ಗಾಜಿನಿಂದ ಕೈ ಮಾತ್ರ ಕಾಣುತ್ತದೆ, ಮಾತು ಕೇಳುವುದಿಲ್ಲ. ಕೊಳ್ಳುವವನು ಮೊದಲು ಹೇಳಿದ ಬೆಲೆಗೇ ನಾನು ಇಳಿದು, ಮೇಲೆ ಹೊಸ ಟೈರುಗಳನ್ನೂ ಒಪ್ಪಿಸಿದ್ದೆನೆಂದು ನಾನೂ ಬಾಯಿಬಿಡಲಿಲ್ಲ.

ಟವೆಲು ಬಿಚ್ಚಿದೆ. ಕಪ್ಪು ನಳಿಗೆ, ಕೆಂಪು ಛಾಯೆಯ ಮರದ ಹಿಡಿ, ನಡುವಿನ ಚೌಕಟ್ಟೆಲ್ಲ ಹಿತ್ತಾಳೆ. ನಮ್ಮ ಕಡೆ ಹಳೆಯ ಕೇಪಿನ ಕೋವಿ ಇರುತ್ತಿತ್ತಲ್ಲ, ಇದು ಅದರ ದೂರದ ನೆಂಟ. ಈಗಿನ ಹಾಗೆ ಸಿದ್ಧವಾದ ತೋಟಾ ಇದಕ್ಕಿಲ್ಲ. ಸಿಲಿಂಡರಿನ ಒಂದೊಂದು ತೂತಿಗೂ ಕರಿಮದ್ದು ಸುರಿದು, ಸೀಸದ ಗುಂಡನ್ನು ಗಿಡಿದು, ಹಿಂದೆ ಪುಟ್ಟ ಕೇಪು ಸಿಕ್ಕಿಸಬೇಕು. ಅಷ್ಟೆಲ್ಲ ಮುಗಿಯುವವರೆಗೆ ಎದುರಿನವನು ಕಾಯಬೇಕು. ಎತ್ತಿದರೆ ನಮ್ಮ ಮನೆಯ ಕಲ್ಲಿನ ಕುಟ್ಟಾಣಿಯಷ್ಟು ಭಾರ. ಸಿಲಿಂಡರಿನ ಬಾಯಿಗೆ ಗಟ್ಟಿಯಾದ ಜಿಡ್ಡು ಮೆತ್ತಿಕೊಂಡಿತ್ತು. ಹಳೆಯದಲ್ಲವೆ, ಜಿಡ್ಡು ಇದ್ದೇ ಇರುತ್ತದೆ ಎಂದುಕೊಂಡೆ.

ಮಾಲತಿಯ ಕಣ್ಣಿಗೆ ಬಿದ್ದದ್ದು ಹಿತ್ತಾಳೆ ಮಾತ್ರ. ಆ ವಾರವೇ ಆಯುಧಪೂಜೆ. ನಾನು ಆಫೀಸಿನಿಂದ ಬರುವಷ್ಟರಲ್ಲಿ ಅವಳು ದೀಪದ ಕಂಬ, ಗಂಟೆ, ಆರತಿ ತಟ್ಟೆಗಳ ಸಾಲಿನಲ್ಲಿ ರಿವಾಲ್ವರನ್ನೂ ಕೂರಿಸಿ, ಹುಣಸೆಹಣ್ಣು ಉಪ್ಪು ಹಾಕಿ ಫಳಫಳ ಉಜ್ಜಿಬಿಟ್ಟಿದ್ದಳು.

“ಇಷ್ಟು ವರ್ಷ ಲ್ಯಾಪ್‌ಟಾಪು, ಮಿಕ್ಸಿ ಇಟ್ಟು ಆಯುಧಪೂಜೆ ಅಂತಿದ್ವಿ. ಈ ಸಲ ಒಂದು ನಿಜವಾದ ಆಯುಧ ಬಂದಿದೆ ರೀ” ಎಂದಳು.

ಕಾರಿನ ಕೀ, ಲ್ಯಾಪ್‌ಟಾಪು, ಮಿಕ್ಸಿ, ಡ್ರಿಲ್ಲಿಂಗ್ ಮೆಶೀನುಗಳ ನಡುವೆ ರಿವಾಲ್ವರ್ ಮದುವೆಗಂಡಿನ ಹಾಗೆ ಕೂತಿತು. ಹಿಡಿಗೆ ಅರಿಶಿನ, ಚೌಕಟ್ಟಿಗೆ ಕುಂಕುಮ, ನಳಿಗೆಯ ಮೇಲೊಂದು ಸೇವಂತಿಗೆ. ನಾನು ಕರ್ಪೂರ ಹಚ್ಚಿ ಮೂರು ಸುತ್ತು ಆರತಿ ಎತ್ತಿದೆ. ಭಕ್ತಿ ಹೆಚ್ಚಾಗಿ ತಟ್ಟೆಯನ್ನು ಸ್ವಲ್ಪ ಹತ್ತಿರವೇ ಒಯ್ದಿದ್ದೆ.

ಹಬ್ಬ ಮುಗಿಸಿ ಇಂಟರ್ನೆಟ್ಟಿನಲ್ಲಿ ಕೂತು ಓದಿದರೆ, ಹಳೆಯ ಆಯುಧದ ಬೆಲೆ ಉಳಿಯಬೇಕಾದರೆ ಪಾಲಿಸಬೇಕಾದ ಮೊದಲನೆಯ ನಿಯಮ ಯಾವ ಕಾರಣಕ್ಕೂ ಉಜ್ಜಬಾರದು ಎಂಬುದಾಗಿತ್ತು. ಮಾಲತಿಗೆ ಓದಿ ಹೇಳಿದೆ. ಕೊಳಕಿಗೆ ದುಡ್ಡು ಕೊಡುವ ಜನ ಬೇಕಿದ್ದರೆ ನಮ್ಮ ಗ್ಯಾರೇಜಿಗೂ ಬರಲಿ ಎಂದಳು.

ಮೊದಲು ಆಸ್ಟಿನ್ನಿನಲ್ಲೇ ಹಳೆಯ ಸಾಮಾನು ಕೊಳ್ಳುವ ಒಂದು ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸು ಅದನ್ನು ಮುಟ್ಟಲೂ ಇಲ್ಲ, ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. ಕರಿಮದ್ದಿನದಾದ್ದರಿಂದ ಕಾನೂನಿನ ಕಣ್ಣಿಗೆ ಇದು ಬಂದೂಕಲ್ಲ, ಹೀಗೆ ಹೊಳೆಯುವುದರಿಂದ ತನ್ನ ಕಣ್ಣಿಗೆ ಇದು ಹಳೆಯದೂ ಅಲ್ಲ ಎಂದಳು. ಹಾಗಾದರೆ ಇದು ಏನು ಎಂದು ಕೇಳಿದೆ. ಆಕೆ ಸ್ವಲ್ಪ ಯೋಚಿಸಿ, ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳಬಹುದು ಎಂದಳು. ಗೃಹಸ್ಥನಾಗಿ ಇಷ್ಟು ವರ್ಷ ಕಳೆದವನಿಗೆ, ಇತ್ತ ಬಂದೂಕೂ ಅಲ್ಲದ ಅತ್ತ ಪುರಾತನವೂ ಅಲ್ಲದ ಆ ವಸ್ತುವಿನ ಮೇಲೆ ಒಂಥರಾ ಅನುಕಂಪ ಹುಟ್ಟಿತು.

ಅದೇ ವಾರಾಂತ್ಯ ನಾವು ಡ್ಯಾಲಸ್ಸಿಗೆ ಹೋಗುವುದಿತ್ತು. ಮಗಳು ಅನಘಾ ಅದಕ್ಕೆ ಅಂಟಿಕೊಂಡ ರಿಚರ್ಡ್‌ಸನ್ನಿನಲ್ಲಿ ಓದುತ್ತಾಳೆ, ಗೆಳತಿಯರ ಜೊತೆ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ಆಗಾಗ ಚಪಾತಿ, ಹುಳಿಪುಡಿ ತಲುಪಿಸಿ ಬರುತ್ತೇವೆ. ಡ್ಯಾಲಸ್ಸಿನಲ್ಲೇ ನಮ್ಮ ಹುಬ್ಬಳ್ಳಿಯ ಪಾಟೀಲ ಅಂಕಲ್ ಕೂಡ ಇರುವುದು. ಎರಡು ಕಿರಾಣಿ ಅಂಗಡಿಗಳ ಮಾಲೀಕರು, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಮನಸ್ಸು. ಅವರ ಅಜ್ಜನ ಹತ್ತಿರ ಲೈಸೆನ್ಸಿನ ಬಂದೂಕು ಇತ್ತೆಂಬ ಕಾರಣಕ್ಕೆ ಬಂದೂಕಿನ ವಿಷಯದಲ್ಲಿ ಅವರ ಮಾತೇ ಕೊನೆಯದೆಂದು ನಾವೆಲ್ಲ ಒಪ್ಪಿಕೊಂಡಿದ್ದೆವು.

ರಿವಾಲ್ವರನ್ನು ನನ್ನ ಹಳೆಯ ಪಂಚೆಯಲ್ಲಿ ಸುತ್ತಿ, ಚಪಾತಿಯ ಚೀಲದ ತಳದಲ್ಲಿಟ್ಟು ಹೊರಟೆವು. ಟೆಕ್ಸಾಸಿನ ಹೆದ್ದಾರಿಯಲ್ಲಿ ಓಡುವ ಅರ್ಧ ಪಿಕಪ್ಪುಗಳಲ್ಲಿ ಬಂದೂಕು ಇರುತ್ತದಂತೆ, ಅವರ್‍ಯಾರ ಮುಖದ ಮೇಲೂ ಅದು ಕಾಣುವುದಿಲ್ಲ. ನನ್ನ ಮುಖ ಮಾತ್ರ ಇಡೀ ದಾರಿ ತಪ್ಪೊಪ್ಪಿಗೆಯ ಹಾಗಿತ್ತು ಎಂದು ಮಾಲತಿ ಈಗಲೂ ಹೇಳುತ್ತಾಳೆ. ಎಲ್ಲರೂ ಹಾರಿಹೋಗುವ ರಸ್ತೆಯಲ್ಲಿ ನಾನು ಎತ್ತಿನ ಗಾಡಿಯ ಹಾಗೆ ಬಲಗಡೆಗೇ ಅಂಟಿಕೊಂಡು ಹೋದೆ. ವೇಕೋ ದಾಟಿದ ಮೇಲೆ ಪೊಲೀಸ್ ಕಾರೊಂದು ಹಿಂದೆ ಬಂದಾಗ, ನಾನು ಗೊತ್ತಿದ್ದ ಎಲ್ಲ ದೇವರನ್ನೂ ನೆನೆದೆ. ಇಷ್ಟು ನಿಧಾನವಾಗಿ ಹೋಗುವವನು ಯಾರೆಂದು ನೋಡಿ ಬೇಸರಪಟ್ಟುಕೊಂಡು ಅವನು ಮುಂದೆ ಹೋದ.

ಅನಘಾ ರೈಲಿನಲ್ಲಿ ಪಾಟೀಲರ ಮನೆಗೇ ಬಂದಿದ್ದಳು. ಚಪಾತಿಗೆಂದು ಚೀಲಕ್ಕೆ ಕೈ ಹಾಕಿದವಳ ಕೈಗೆ ಪಂಚೆ ಸಿಕ್ಕಿತು.

“ಅಪ್ಪಾ, ಯು ಪ್ಯಾಕ್ಡ್ ಎ ಗನ್ ವಿತ್ ಮೈ ಚಪಾತೀಸ್?” ಎಂದಳು.

ಕಾನೂನಿನ ಪ್ರಕಾರ ಅದು ಬಂದೂಕಲ್ಲ ಎಂದು ನಾನು ಕನ್ನಡದಲ್ಲಿ ವಿವರಿಸತೊಡಗಿದೆ. ಅವಳು ಇಂಗ್ಲಿಷಿನಲ್ಲಿ ನಿಟ್ಟುಸಿರು ಬಿಟ್ಟು, ಚಪಾತಿ ತೆಗೆದುಕೊಂಡು ಬೇರೆ ರೂಮಿಗೆ ಹೋದಳು.

ಪಾಟೀಲ ಅಂಕಲ್ ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡರು. ಹಿತ್ತಾಳೆಯ ಮೇಲೆ ಬೆರಳಾಡಿಸಿದರು. ಹಿತ್ತಾಳೆ ಅಂದರೆ ಹಳೇದು, ಕಬ್ಬಿಣ ಆಮೇಲೆ ಬಂದದ್ದು, ದೇವರ ಸಾಮಾನು ನೋಡಿದರೆ ತಿಳಿಯುವುದಿಲ್ಲವೇ ಎಂದರು. ಚೌಕಟ್ಟಿನ ಒಂದು ಮೂಲೆಯಲ್ಲಿ ಪುಟ್ಟ ನಕ್ಷತ್ರ, ಅದರ ಕೆಳಗೆ ಎರಡು ಅಕ್ಷರ ಕೊರೆದಿದ್ದು ಅವರಿಗೆ ಕಂಡಿತು. ದನಿ ಇಳಿಸಿದರು.

“ಇದು ರಾಜಮುದ್ರಿ ಐತ್ರಿ. ಎಂಟು ಸಾವಿರಕ್ಕಿಂತ ಒಂದು ಡಾಲರ್ ಕಮ್ಮಿ ಆದ್ರೂ ಕೊಡಬ್ಯಾಡ್ರಿ.”

ಅಮೆರಿಕದಲ್ಲಿ ಯಾವ ರಾಜ ಎಂದು ಕೇಳಬೇಕೆನ್ನಿಸಿತು. ಆದರೆ ಎಂಟು ಸಾವಿರ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಇತಿಹಾಸ ಕೆದಕುವ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಅವರು ಎದ್ದು ನಿಂತು, ಮೀಸೆಯ ಪಕ್ಕಕ್ಕೆ ರಿವಾಲ್ವರ್ ಹಿಡಿದು ಫೋಟೋ ತೆಗೆಸಿಕೊಂಡರು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಮಂಡಕ್ಕಿ ಗಿರಮಿಟ್ಟಿನ ತಟ್ಟೆ ಹಿಡಿದು ನಿಂತ ಹೆಂಡತಿ ಶಾಂತಕ್ಕನ ಕಡೆ ಗುರಿ ಹಿಡಿದರು. ಶಾಂತಕ್ಕ ಅಲುಗಾಡದೆ, ಅದನ್ನು ಕೆಳಗಿಟ್ಟರೆ ಮಾತ್ರ ಗಿರಮಿಟ್ಟು ಎಂದರು. ಪಾಟೀಲರು ತಕ್ಷಣ ಕೆಳಗಿಟ್ಟರು. ಹ್ಯೂಸ್ಟನ್ನಿನಲ್ಲಿ ಬಂದೂಕಿನ ದೊಡ್ಡ ಸಂತೆ ನಡೆಯುತ್ತದೆ, ಬೆಲೆ ತಿಳಿದವರು ಅಲ್ಲಿರುತ್ತಾರೆ ಎಂದು ಊಟದ ಹೊತ್ತಿಗೆ ಹೇಳಿದವರೂ ಅವರೇ.

ವಾಪಸ್ಸು ಬರುವಾಗ ನಾನು ಡಾರ್ಲೀನ್‌ಳ ಎಂಟು ಸಾವಿರವನ್ನು ಬ್ಯಾಂಕಿನಲ್ಲಿಡುವುದೋ, ಬೇರೆಲ್ಲಾದರೂ ಹಾಕುವುದೋ ಎಂದು ಯೋಚಿಸುತ್ತ ಡ್ರೈವ್ ಮಾಡಿದೆ. ಆಕೆ ನನಗೊಂದು ಪಾಲು ಕೊಡಲು ಬರುವುದು, ನಾನು ಬೇಡವೆನ್ನುವುದು, ಆಕೆ ಒತ್ತಾಯಿಸುವುದು, ಇಷ್ಟೂ ಟೆಂಪಲ್ ಊರು ಬರುವಷ್ಟರಲ್ಲಿ ಮನಸ್ಸಿನಲ್ಲಿ ನಡೆದುಹೋಯಿತು.

ಮುಂದಿನ ಶನಿವಾರ ಹ್ಯೂಸ್ಟನ್. ಕಾರಿನ ಬಾಗಿಲು ತೆರೆದ ಕೂಡಲೇ ಕನ್ನಡಕಕ್ಕೆ ಹಬೆ ಹಿಡಿಯಿತು. ಅಲ್ಲಿಯ ಗಾಳಿಯೇ ಹಾಗೆ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ. ದೊಡ್ಡ ಸಭಾಂಗಣ, ಹೊರಗೆ ಉದ್ದನೆಯ ಸಾಲು. ಒಬ್ಬರ ಹೆಗಲಲ್ಲಿ ಬಂದೂಕು, ಇನ್ನೊಬ್ಬರ ಹೆಗಲಲ್ಲಿ ಕೂಸು. ಮಾಲತಿ ಮೈಸೂರು ಸಿಲ್ಕಿನಲ್ಲಿ ಬಂದಿದ್ದಳು. ಅಲ್ಲಿಂದ ದೇವಸ್ಥಾನಕ್ಕೆ ಹೋಗುವುದಿತ್ತು. ಬಾಗಿಲಲ್ಲೇ ಒಂದು ಮೇಜು, ಒಳಗೆ ತರುವ ಪ್ರತಿ ಬಂದೂಕನ್ನೂ ಅಲ್ಲಿ ತಪಾಸಣೆ ಮಾಡುತ್ತಿದ್ದರು. ನಾನು ಪಂಚೆ ಬಿಚ್ಚಿ ಕೊಟ್ಟೆ. ಮೇಜಿನ ಹಿಂದಿದ್ದ ದಪ್ಪನೆಯ ಮನುಷ್ಯ ಸಿಲಿಂಡರಿನ ಬಾಯಿ ನೋಡಿದ, ಉಗುರಿನಿಂದ ಜಿಡ್ಡು ಕೆರೆದ, ಮತ್ತೆ ನೋಡಿದ. ಆಮೇಲೆ ನಳಿಗೆಯನ್ನು ಬಹಳ ನಿಧಾನವಾಗಿ ಗೋಡೆಯ ಕಡೆ ತಿರುಗಿಸಿ, ಆಸ್ಪತ್ರೆಯಲ್ಲಿ ಮಾತಾಡುವಷ್ಟು ಮೆತ್ತಗೆ ಹೇಳಿದ.

“ಸರ್, ಇದು ಲೋಡ್ ಆಗಿದೆ.”

ನನಗೆ ಒಮ್ಮೆಲೇ ಎಲ್ಲ ಕಣ್ಣ ಮುಂದೆ ಬಂತು. ಕರ್ಪೂರದಾರತಿ. ಹುಣಸೆಹಣ್ಣಿನ ಉಜ್ಜಾಟ. ಹೆದ್ದಾರಿಯ ಪ್ರತಿಯೊಂದು ಗುಂಡಿ. ಮೀಸೆಯ ಪಕ್ಕ ನಳಿಗೆ. ಗಿರಮಿಟ್ಟು ಹಿಡಿದ ಶಾಂತಕ್ಕ. ಮಾಲತಿಯ ಕಡೆ ತಿರುಗಿದೆ. ಅವಳು ಕಿವಿಯ ಪಕ್ಕದ ಬೆವರನ್ನು ಸೆರಗಿನಿಂದ ಒರೆಸಿಕೊಂಡು, “ನಾನು ಬಿಸಿನೀರಲ್ಲಿ ನೆನೆಹಾಕೋಣ ಅಂತಿದ್ದೆ ರೀ” ಎಂದಳು.

ಆ ದಪ್ಪನೆಯವನು ಒಳಗೆ ಯಾರನ್ನೋ ಕರೆಕಳಿಸಿದ. ಅಗಲ ಹ್ಯಾಟು, ಎದೆಯವರೆಗಿನ ಬಿಳಿ ಗಡ್ಡದ ಒಬ್ಬ ಅಜ್ಜ ಬಂದ. ಕರಿಮದ್ದಿನ ಆಯುಧಗಳನ್ನೇ ಕೊಂಡು ಮಾರುವ ವ್ಯಾಪಾರಿ. ನಮ್ಮನ್ನು ಕಟ್ಟಡದ ಹಿಂಭಾಗಕ್ಕೆ, ಲಾರಿಗಳಿಂದ ಸಾಮಾನು ಇಳಿಸುವ ಬಯಲಿಗೆ ಕರೆದೊಯ್ದ. ಹಿಂದೆ ಕೇಪುಗಳಿಲ್ಲದ್ದರಿಂದ ಅಷ್ಟೇನೂ ಹೆದರಬೇಕಿಲ್ಲ, ಆದರೂ ಮದ್ದು ಎಷ್ಟು ವರ್ಷವಾದರೂ ಮದ್ದೇ, ಬೆಂಕಿಯ ಹತ್ತಿರವೇನೂ ಇಟ್ಟಿಲ್ಲವಷ್ಟೇ ಎಂದು ಕೇಳಿದ. ನಾವಿಬ್ಬರೂ ಆಕಾಶ ನೋಡಿದೆವು.

ಅವನು ಸಿಲಿಂಡರನ್ನು ಬಿಡಿಸಿ, ಹಿಂದಿನ ಪುಟ್ಟ ತಿರುಪುಗಳನ್ನು ಬಿಚ್ಚಿ, ಹಿತ್ತಾಳೆಯ ಕಡ್ಡಿಯೊಂದರಿಂದ ಹಿಂದಿನಿಂದ ಒತ್ತಿದ. ಸೀಸದ ಗುಂಡು ಹೊರಬಂತು. ಅದರ ಹಿಂದೆ ಬಿಳಿಯ ಪುಡಿ ಸುರಿಯಿತು. ಮದ್ದು ಕಡಿಮೆ ಹಾಕಿದಾಗ ಜಾಗ ತುಂಬಲು ಗುಂಡಿಗೂ ಮದ್ದಿಗೂ ನಡುವೆ ಧಾನ್ಯದ ಪುಡಿ ಹಾಕುವುದುಂಟು, ಇನ್ನು ಕರಿಯದು ಬರುತ್ತದೆ, ಹಿಂದೆ ಸರಿಯಿರಿ ಎಂದ. ಹಿಂದೆ ಸರಿದೆವು. ಕರಿಯದು ಬರಲಿಲ್ಲ. ತೂತಿನ ತಳದವರೆಗೂ ಬಿಳಿಯದೇ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಎಲ್ಲ ಖಾಲಿಯಾಗುವ ಹೊತ್ತಿಗೆ ಅವನ ಅಂಗೈ ತುಂಬಿತ್ತು, ಒಂದು ಚಿಟಿಕೆ ಕರಿಮದ್ದು ಇರಲಿಲ್ಲ.

ಮಾಲತಿ ಮುಂದೆ ಬಂದು, ಎರಡು ಬೆರಳಲ್ಲಿ ಹಿಡಿದು ಉಜ್ಜಿ, ಮೂಸಿ ನೋಡಿದಳು.

“ರವೆ ಕಣ್ರೀ. ಮೀಡಿಯಂ ರವೆ” ಎಂದಳು.

ಉಪ್ಪಿಟ್ಟಿನಿಂದ ತಪ್ಪಿಸಿಕೊಳ್ಳಲು ನಾನು ಬಾಲ್ಯದಿಂದ ಮಾಡಿದ ಪ್ರಯತ್ನಗಳು ಹಲವು. ಹಾಸ್ಟೆಲು ಬದಲಿಸಿದೆ, ಊರು ಬದಲಿಸಿದೆ, ದೇಶವನ್ನೇ ಬದಲಿಸಿದೆ. ಹ್ಯೂಸ್ಟನ್ನಿನ ಬಂದೂಕಿನ ಸಂತೆಯಲ್ಲಿ, ರಿವಾಲ್ವರಿನ ಒಳಗಿನಿಂದ ಅದು ನನ್ನನ್ನು ಹಿಡಿಯುತ್ತದೆಂದು ಎಣಿಸಿರಲಿಲ್ಲ.

ಅಜ್ಜ ಗಡ್ಡದೊಳಗೇ ಬಹಳ ಹೊತ್ತು ನಕ್ಕ. ಆಮೇಲೆ ಬೆಲೆಯ ವಿಷಯಕ್ಕೆ ಬಂದ. ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವಾಗ, ನಮ್ಮ ಓಣಿಯ ಭಾಂಡೆಯಾಕೆಯೇ ಹ್ಯಾಟು ಹಾಕಿಕೊಂಡು ಬಂದಂತಿತ್ತು. ಒಳಗೆ ತುಕ್ಕು ಇಲ್ಲ, ಚೆನ್ನಾಗಿ ನೋಡಿಕೊಂಡಿದ್ದಾರೆ. ಸಿಲಿಂಡರ್ ಅಲುಗಾಡುತ್ತದೆ, ಹಿತ್ತಾಳೆ ಮೆತ್ತಗಿನ ಲೋಹ, ಜೋರು ಹೊಡೆತಕ್ಕೆ ಹಿಗ್ಗುತ್ತದೆ, ಹಾಗಾಗಿ ಹಿತ್ತಾಳೆಯದಕ್ಕೆ ಉಕ್ಕಿನದಕ್ಕಿಂತ ಬೆಲೆ ಕಡಿಮೆ. ತಿರುಪಿನ ತಲೆಗಳು ಸವೆದಿವೆ, ಯಾರೋ ಪದೇ ಪದೇ ಬಿಚ್ಚಿದ್ದಾರೆ. ಹಿಡಿಯ ಅಂಚಿನಲ್ಲಿ ಅರದ ಗೀಟು, ಅಂದರೆ ಬಿಡಿಭಾಗಗಳ ಪೆಟ್ಟಿಗೆ ತರಿಸಿ ಮನೆಯಲ್ಲಿ ಜೋಡಿಸಿದ್ದು. ಪಾಟೀಲರ ರಾಜಮುದ್ರೆ ಇಟಲಿಯ ಪರೀಕ್ಷಾ ಗುರುತು. ಅಲ್ಲಿ ತಯಾರಾಗುವ ನಕಲಿಗಳ ಮೇಲೆಲ್ಲ ಅದಿರುತ್ತದೆ. ರಾಯ್‌ನ ಮುತ್ತಜ್ಜ ಕುದುರೆ ಏರಿ ನೂರು ವರ್ಷ ಕಳೆದ ಮೇಲೆ ಹುಟ್ಟಿದ ವಸ್ತು. ಸಂದಿಗಳಲ್ಲಿ ಈ ಕೆಂಪು ಏನು, ತುಕ್ಕಲ್ಲವಲ್ಲ ಎಂದು ಕೇಳಿದ. ನಾವು ಆಯುಧಕ್ಕೆ ವರ್ಷಕ್ಕೊಮ್ಮೆ ಪೂಜೆ ಮಾಡುತ್ತೇವೆ ಎಂದು ಹೇಳಿದೆ. ಅವನು ಹ್ಯಾಟನ್ನು ತುಸು ಎತ್ತಿ, ಟೆಕ್ಸಾಸಿನವರಾದ ನಮಗೇ ಇದು ಹೊಳೆಯಲಿಲ್ಲವಲ್ಲ ಎಂದ. ಕೊನೆಗೆ ನೂರಿಪ್ಪತ್ತು ಡಾಲರ್ ಎಂದ. ನಾನು ಅಭ್ಯಾಸಬಲದಿಂದ ಕೈ ಬೀಸಲು ಎತ್ತಿದೆ. ಮಾಲತಿ ಅದನ್ನು ಹಿಡಿದು ಕೆಳಗಿಳಿಸಿದಳು. ಒಡತಿಯನ್ನು ಕೇಳಿ ಹೇಳುತ್ತೇವೆ ಎಂದು ಹೊರಟೆವು. ಆ ರವೆಯನ್ನೂ ಗುಂಡುಗಳನ್ನೂ ಅವನು ಒಂದು ಪುಟ್ಟ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸೇರಬೇಕಾದವರಿಗೆ ಸೇರಿಸಿ ಎಂದು ಕೊಟ್ಟ.

ವಾಪಸ್ಸು ಬರುವ ದಾರಿಯಲ್ಲಿ ನಮ್ಮಿಬ್ಬರ ಚಿಂತೆ ಬೆಲೆಯದಾಗಿರಲಿಲ್ಲ. ಇಷ್ಟು ವರ್ಷ ಹಾಸಿಗೆಯ ಪಕ್ಕದ ಡ್ರಾಯರಿನಲ್ಲಿ ಲೋಡ್ ಆದ ರಿವಾಲ್ವರ್ ಇದೆಯೆಂಬ ಧೈರ್ಯದಲ್ಲಿ ಮಲಗಿದ ಹೆಂಗಸಿಗೆ, ಅದರೊಳಗೆ ಇದ್ದದ್ದು ರವೆ ಎಂದು ಯಾರು ಹೇಳುವುದು? ಗಂಡ ತನಗೆ ಮೋಸ ಮಾಡಿದ ಎಂದು ಆಕೆ ನೊಂದುಕೊಂಡರೆ? ಹೇಳುವುದೇ ಬೇಡ, ಬೆಲೆ ಮಾತ್ರ ಹೇಳಿ ಎಂದಳು ಮಾಲತಿ. ಪತ್ತೆ ಮಾಡು ಎಂದು ಆಕೆ ನಂಬಿ ಕಳಿಸಿದ್ದಾಳೆ, ಅರ್ಧ ಹೇಳಿ ಅರ್ಧ ಮುಚ್ಚಿಡುವುದು ಹೇಗೆ ಎಂದೆ ನಾನು. ಮನೆ ಮುಟ್ಟಿದರೂ ಇತ್ಯರ್ಥವಾಗಲಿಲ್ಲ.

ಭಾನುವಾರ ಮಧ್ಯಾಹ್ನ ಇಬ್ಬರೂ ಹೋದೆವು. ಡಾರ್ಲೀನ್ ಅಡುಗೆಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು, ತಟ್ಟೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು. ನಾನು ಮುತ್ತಜ್ಜನಿಂದ ಶುರುಮಾಡಿದೆ. ನಕಲು, ಇಟಲಿಯದು, ನೂರಿಪ್ಪತ್ತು ಎಂದು ಒಂದೊಂದಾಗಿ, ಡಾಕ್ಟರು ರಿಪೋರ್ಟು ಓದುವ ಹಾಗೆ ಹೇಳಿದೆ. ಆಕೆಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ರಾಯ್ ಅದನ್ನು ಜೋಡಿಸಿದ್ದು ಇದೇ ಮೇಜಿನ ಮೇಲೆ ಎಂದಳು. ಮೊದಲ ಮಗು ಹೊಟ್ಟೆಯಲ್ಲಿದ್ದಾಗ ಅಂಚೆಯಲ್ಲಿ ಪೆಟ್ಟಿಗೆ ಬಂದಿತ್ತು. ಆದರೆ ಅವನು ಮುತ್ತಜ್ಜನ ಕಥೆಯನ್ನು ಎಷ್ಟು ವರ್ಷ, ಎಷ್ಟು ಚೆನ್ನಾಗಿ ಹೇಳಿದನೆಂದರೆ, ಕೊನೆಕೊನೆಗೆ ತಾನೇ ಏನೋ ತಪ್ಪು ನೆನಪಿಟ್ಟುಕೊಂಡಿದ್ದೇನೆಯೇ ಎಂದು ಆಕೆಗೆ ಅನುಮಾನವಾಗಿತ್ತು. ಅದಕ್ಕೇ ನನ್ನನ್ನು ಕಳಿಸಿದ್ದು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಮಾಲತಿ ಕಣ್ಣಲ್ಲೇ ನಿಲ್ಲಿಸಿ ಎಂದಳು. ನಾನು, ಇನ್ನೊಂದು ವಿಷಯ, ಅದು ಲೋಡ್ ಆಗಿತ್ತು ಎಂದುಬಿಟ್ಟೆ.

ತಟ್ಟೆ ಸುತ್ತುತ್ತಿದ್ದ ಕೈ ನಿಂತಿತು. ತೆರೆದರಾ ಎಂದು ಕೇಳಿದಳು. ಹೂಂ, ಒಳಗೆ ಮದ್ದಿರಲಿಲ್ಲ, ಬರೀ ಧಾನ್ಯದ ಪುಡಿ ಎಂದೆ. ಆಕೆ ಕುರ್ಚಿಗೆ ಒರಗಿ, ನಾನು ಮೊದಲ ಸಲ ನೋಡುವಷ್ಟು ಅಗಲವಾಗಿ ನಕ್ಕಳು. ಅದು ನನ್ನ ಕೆಲಸ ಎಂದಳು.

ಆಗ ಅವರಿದ್ದದ್ದು ಹ್ಯೂಸ್ಟನ್ನಿನಲ್ಲಿ. ಮಗು ನಡೆಯಲು, ಡ್ರಾಯರು ಎಳೆಯಲು ಕಲಿತಿತ್ತು. ರಿವಾಲ್ವರನ್ನು ಖಾಲಿ ಮಾಡು ಎಂದು ಆಕೆ ಎಷ್ಟು ಹೇಳಿದರೂ, ಖಾಲಿ ಬಂದೂಕು ಇಟ್ಟುಕೊಳ್ಳುವುದೂ ಒಂದೇ ಸುತ್ತಿಗೆ ಇಟ್ಟುಕೊಳ್ಳುವುದೂ ಒಂದೇ ಎಂದು ರಾಯ್ ಕೇಳಲಿಲ್ಲ. ಅವನು ಮೀನು ಹಿಡಿಯಲು ಹೋದ ಒಂದು ದಿನ ಆಕೆ ತನ್ನ ತಮ್ಮನನ್ನು ಕರೆಸಿ, ಮದ್ದನ್ನೆಲ್ಲ ತೆಗೆಸಿ, ಅದರ ಜಾಗಕ್ಕೆ ಅಡುಗೆಮನೆಯ ಹಿಟ್ಟು ತುಂಬಿಸಿ, ಅದೇ ಗುಂಡು ಅದೇ ಜಿಡ್ಡು ಮೊದಲಿನ ಹಾಗೇ ಕೂರಿಸಿಬಿಟ್ಟಳು. ಗಂಡನಿಗೆ ಹೇಳಲಿಲ್ಲ. ಮುಂದೆ ಒಂದು ಸಂಜೆ ಹಿತ್ತಲಿಗೆ ತೋಳದಂಥ ಕಾಯೋಟಿ ಬಂತು. ರಾಯ್ ಕೇಪು ಸಿಕ್ಕಿಸಿಕೊಂಡು, ನೆರೆಯವರೆಲ್ಲ ನೋಡುತ್ತಿರುವಾಗ ಗುರಿಯಿಟ್ಟು ಟ್ರಿಗರ್ ಎಳೆದ. ದೀಪಾವಳಿಯ ರೀಲು ಪಟಾಕಿಯಷ್ಟು ಸದ್ದಾಯಿತು. ಕಾಯೋಟಿ ಕುತೂಹಲದಿಂದ ಇನ್ನೂ ಸ್ವಲ್ಪ ಹತ್ತಿರ ಬಂತು. ರಾಯ್ ಗ್ಯಾರೇಜಿಗೆ ಹೋಗಿ ಒಂದು ಗಂಟೆ ಬಾಗಿಲು ಹಾಕಿಕೊಂಡು ಅದನ್ನು ಸ್ವಚ್ಛ ಮಾಡಿ, ಒಳಗೆ ಬಂದು ಕೈ ತೊಳೆದುಕೊಂಡು, ಹ್ಯೂಸ್ಟನ್ನಿನ ತೇವಕ್ಕೆ ಮದ್ದು ಹಾಳಾಗಿದೆ, ಈಗ ಹೊಸದು ತುಂಬಿದ್ದೇನೆ ಎಂದ. ಆಕೆ ಮೂರನೆಯ ದಿನವೇ ತಮ್ಮನನ್ನು ಮತ್ತೆ ಕರೆಸಬೇಕೆಂದಿದ್ದಳು. ಆದರೆ ಅಷ್ಟರಲ್ಲಿ ರಾಯ್ ಡ್ರಾಯರಿಗೆ ಬೀಗ ಹಾಕಿ, ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡಿದ್ದ. ಅಂದಿನಿಂದ ಅದರಲ್ಲಿ ನಿಜವಾದ ಮದ್ದು ಇದೆಯೆಂದೇ ಆಕೆ ನಂಬಿದ್ದಳು. ಅವನು ತೀರಿಕೊಂಡ ಮೇಲೆ ಐವತ್ತು ಡಾಲರಿನ ಆ ಗೆಳೆಯ ಬಂದು ನೋಡಿ, ಇದರಲ್ಲಿ ಅಪಾಯದ್ದೇನೂ ಇಲ್ಲ ಎಂದಿದ್ದನಂತೆ. ಖಾಲಿ ಮಾಡಿದ್ದಾನೆ ಎಂದುಕೊಂಡು ನಮ್ಮ ಮನೆಗೆ ತಂದಿದ್ದಳು.

ಹಾಗಾದರೆ ನೀವು ತುಂಬಿದ ರವೆಯನ್ನು ಅವನು ಗಮನಿಸಲೇ ಇಲ್ಲವೇ ಎಂದು ಕೇಳುತ್ತ, ನಾನು ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ಮೇಜಿನ ಮೇಲಿಟ್ಟೆ. ಡಾರ್ಲೀನ್ ಕನ್ನಡಕ ಹಾಕಿಕೊಂಡು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

“ಇದು ಬಿಳಿ ಇದೆ” ಎಂದಳು.

ಹೌದೆಂದೆವು.

“ನಾನು ತುಂಬಿದ್ದು ಹಳದಿ. ಮೆಕ್ಕೆಜೋಳದ ಹಿಟ್ಟು. ಮನೆಯಲ್ಲಿ ರೊಟ್ಟಿಗೆ ಇಟ್ಟಿದ್ದು.”

ಆ ದಿನ ಗ್ಯಾರೇಜಿನಲ್ಲಿ ರಾಯ್ ತೆರೆದಾಗ ಅವನಿಗೆ ಸಿಕ್ಕಿದ್ದು ಮದ್ದಲ್ಲ, ಹೆಂಡತಿಯ ಹಿಟ್ಟು. ಪಕ್ಕದ ಶೆಲ್ಫಿನಲ್ಲೇ ಮದ್ದಿನ ಡಬ್ಬಿ ತುಂಬಿತ್ತು ಎಂದಳು ಡಾರ್ಲೀನ್, ನಮಗಲ್ಲ, ಚೀಲಕ್ಕೆ ಹೇಳುವಂತೆ. ಅವನು ಆ ಡಬ್ಬಿಗೆ ಕೈ ಹಾಕಿರಲಿಲ್ಲ. ಹಳೆಯ ಹಿಟ್ಟು ತೆಗೆದು, ಗುಂಡಿನ ಕೆಳಗೆ ಹಾಕಲು ತಾನಿಟ್ಟುಕೊಂಡಿದ್ದ ರವೆ ತುಂಬಿ, ಬೀಗ ಹಾಕಿ, ಮದ್ದು ತುಂಬಿದ್ದೇನೆ ಎಂದು ಬಾಯಲ್ಲಿ ಹೇಳಿ, ಇಷ್ಟು ವರ್ಷ ವರ್ಷಕ್ಕೊಮ್ಮೆ ಬಿಚ್ಚಿ ಜಿಡ್ಡು ಸವರಿಟ್ಟಿದ್ದ.

ಆಕೆ ಚೀಲವನ್ನು ಕೆಳಗಿಡಲಿಲ್ಲ. ಆ ಸಂಜೆ ಊಟಕ್ಕೆ ಮೆಕ್ಕೆಜೋಳದ ರೊಟ್ಟಿಯನ್ನೇ ಮಾಡಿದ್ದೆ ಎಂದಳು. ರಾಯ್ ಎರಡು ಹೆಚ್ಚಿಗೆ ತಿಂದು, ತಟ್ಟೆ ಎತ್ತುವಾಗ ಒಂದು ಮಾತು ಹೇಳಿದ್ದ. ಕಾಯೋಟಿಯ ಎದುರು ಆದ ಅವಮಾನಕ್ಕೆ ತಲೆ ಕೆಟ್ಟಿರಬೇಕು ಎಂದುಕೊಂಡು ಆಕೆ ಸುಮ್ಮನಿದ್ದಳು.

“ಏನು ಹೇಳಿದ್ರು?” ಎಂದು ಮಾಲತಿ ಕೇಳಿದಳು.

“ಹಿಟ್ಟು ಸಾಲದೆ ಬಂದರೆ ಹೇಳು ಡಾರ್ಲೀನ್, ನನ್ನ ಹತ್ತಿರ ಸ್ವಲ್ಪ ಇದೆ ಅಂದ.”

ಪೇಪರ್ ಟವೆಲಿನಿಂದ ಆಕೆ ಕಣ್ಣು ಒರೆಸಿಕೊಂಡಳು. ನಕ್ಕದ್ದಕ್ಕೋ ಏನೋ ನಾವು ಕೇಳಲಿಲ್ಲ. ಆಮೇಲೆ ರಿವಾಲ್ವರನ್ನು ಪೇಪರಿನಲ್ಲಿ ಸುತ್ತಿ, ‘ಕಿಚನ್’ ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಪೆಟ್ಟಿಗೆಯಲ್ಲಿ, ಎರಡು ತಟ್ಟೆಗಳ ನಡುವೆ ಇಟ್ಟಳು. ಆ ಕಟ್ಟಡಕ್ಕೆ ಆಯುಧ ಒಯ್ಯುವಂತಿಲ್ಲವಲ್ಲ ಎಂದು ನಾನು ನೆನಪಿಸಿದೆ. ಇದು ಆಯುಧವಲ್ಲ, ಅಡುಗೆ ಸಾಮಾನು ಎಂದು ಹೇಳಿ, ಟೇಪಿನ ಉರುಳೆಯನ್ನು ನನ್ನ ಕೈಗೆ ಕೊಟ್ಟಳು.